ಪೆಟ್ಟಿಗೆಯೇ ಇಲ್ಲದಿದ್ದರೆ ಲೆಕ್ಕ ಎಲ್ಲಿರುತ್ತದೆ?

ಮುಂಬಯಿ, ಥಾಣೆ, ಪುಣೆ ಪರಿಸರದ ಸಹಕಾರಿ ಬ್ಯಾಂಕು, ಕ್ರೆಡಿಟ್ ಸೊಸೈಟಿ, ಶಿಕ್ಷಣ ಸಂಸ್ಥೆಗಳ ವಾರ್ಷಿಕ ಮಹಾಸಭೆಗೆ ಹೋಗಿ ಬರುವವರಿಗೆ ಈ ದೃಶ್ಯ ಹೊಸತಲ್ಲ. ಚಹಾ-ಉಪಾಹಾರದ ಖರ್ಚು ಕಳೆದ ವರ್ಷಕ್ಕಿಂತ ಯಾಕೆ ಹೆಚ್ಚಾಯಿತು ಎಂಬ ಪ್ರಶ್ನೆಗೆ ಅರ್ಧ ಗಂಟೆ ಚರ್ಚೆ ನಡೆಯುತ್ತದೆ. ಅದೇ ವರದಿ ಪುಸ್ತಿಕೆಯ ಮುಂದಿನ ಪುಟದಲ್ಲಿ 'ಕಂಪ್ಯೂಟರ್ ವ್ಯವಸ್ಥೆಯ ನವೀಕರಣ' ಎಂಬ ಒಂದೇ ಸಾಲಿನ ಎದುರು ಲಕ್ಷಗಟ್ಟಲೆ, ಕೆಲವೊಮ್ಮೆ ಕೋಟಿ ದಾಟಿದ ಅಂಕಿ ಇರುತ್ತದೆ. ಅದಕ್ಕೆ ಒಬ್ಬರೂ ಕೈ ಎತ್ತುವುದಿಲ್ಲ. ಒಬ್ಬರು ಸೂಚಿಸುತ್ತಾರೆ, ಮತ್ತೊಬ್ಬರು ಅನುಮೋದಿಸುತ್ತಾರೆ, ಕರತಾಡನದೊಂದಿಗೆ ವಿಷಯ ಮುಗಿಯುತ್ತದೆ.

ಈಗ ಕೆಲವು ವರ್ಷಗಳಿಂದ ಇಂಥ ಆಡಳಿತ ಮಂಡಳಿಗಳ ಮೇಜಿನ ಮೇಲೆ ಒಂದು ಹೊಸ ಬಗೆಯ ಪ್ರಸ್ತಾವ ಬಂದು ಕೂರುತ್ತಿದೆ. ಗ್ರಾಹಕರ ಲೆಕ್ಕವನ್ನೆಲ್ಲ ಇಟ್ಟುಕೊಂಡಿರುವ ದುಬಾರಿ ಸ್ಟೋರೇಜ್ ಕ್ಯಾಬಿನೆಟ್ಟನ್ನೂ ಅದಕ್ಕೆಂದೇ ಎಳೆದ ಪ್ರತ್ಯೇಕ ಜಾಲವನ್ನೂ ತೆಗೆದುಹಾಕಿ, ಸಾಧಾರಣ ಸರ್ವರ್‌ಗಳಲ್ಲೇ ಸಾಫ್ಟ್‌ವೇರ್ ಮೂಲಕ ಮಾಹಿತಿಯನ್ನು ಇಡೋಣ, ನೆಟ್‌ವರ್ಕನ್ನೂ ಸಾಫ್ಟ್‌ವೇರ್‌ನಿಂದಲೇ ನಡೆಸೋಣ ಎನ್ನುವುದು ಅದರ ಸಾರ. ಇಂಥ ಕಡೆ ಹಿರಿಯ ನಿರ್ದೇಶಕರು ಕೇಳುವ ಮೊದಲ ಪ್ರಶ್ನೆ, "ಅಲ್ಲ ಮಾರಾಯ್ರೆ, ಪೆಟ್ಟಿಗೆಯೇ ಇಲ್ಲದಿದ್ದರೆ ಲೆಕ್ಕ ಎಲ್ಲಿರುತ್ತದೆ?" ಎಂಬುದು. ಕೇಳಿದವರು ಸಂಕೋಚಪಡಬೇಕಾಗಿಲ್ಲ. ಕೇಳಲೇಬೇಕಾದ ಪ್ರಶ್ನೆಯೇ ಅದು. ರಿಸರ್ವ್ ಬ್ಯಾಂಕು 2019ರ ಡಿಸೆಂಬರ್ 31ರಂದು ನಗರ ಸಹಕಾರಿ ಬ್ಯಾಂಕುಗಳಿಗಾಗಿ ಹೊರಡಿಸಿದ ಸೈಬರ್ ಸುರಕ್ಷತಾ ಚೌಕಟ್ಟು ಬ್ಯಾಂಕುಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಮಾಹಿತಿ ಸುರಕ್ಷತೆಯ ಹೊಣೆಯನ್ನು ಅದು ಕಂಪ್ಯೂಟರ್ ವಿಭಾಗದ ತಲೆಗೆ ಮಾತ್ರ ಕಟ್ಟಿಲ್ಲ, ಆಡಳಿತ ಮಂಡಳಿಯ ಮೇಲೂ ಹೊರಿಸಿದೆ.

ಲೆಡ್ಜರಿನಿಂದ ಕ್ಯಾಬಿನೆಟ್ಟಿಗೆ

ಕರಾವಳಿಯಿಂದ ಬಂದು, ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಬ್ಯಾಂಕಿಗೆ ಸೇರಿದ ತಲೆಮಾರಿಗೆ ಲೆಡ್ಜರ್ ಎಂದರೆ ಎರಡು ಕೈಯಲ್ಲಿ ಎತ್ತಬೇಕಾದ ವಸ್ತು. ಗ್ರಾಹಕನ ಲೆಕ್ಕ ಆಯಾ ಶಾಖೆಯ ಲೆಡ್ಜರಿನಲ್ಲಿ, ಲೆಡ್ಜರು ಕಪಾಟಿನಲ್ಲಿ, ನಗದು ಸ್ಟ್ರಾಂಗ್ ರೂಮಿನಲ್ಲಿ. ಕೀಲಿಕೈ ಇಬ್ಬರ ಜಂಟಿ ಕಸ್ಟಡಿಯಲ್ಲಿ. ಡಾ. ರಂಗರಾಜನ್ ಸಮಿತಿ 1984ರಲ್ಲಿ ಬ್ಯಾಂಕುಗಳ ಯಾಂತ್ರೀಕರಣದ ವರದಿ ಕೊಟ್ಟ ಮೇಲೆ ಪೋಸ್ಟಿಂಗ್ ಯಂತ್ರಗಳು ಬಂದವು. 2000ರ ದಶಕದಲ್ಲಿ ಕೋರ್ ಬ್ಯಾಂಕಿಂಗ್ ಬಂದಾಗ ಶಾಖೆಯ ಲೆಕ್ಕ ಶಾಖೆಯಲ್ಲಿ ಉಳಿಯಲಿಲ್ಲ. ನವಿ ಮುಂಬಯಿಯ ಐರೋಲಿ, ಮಹಾಪೆಯಂಥ ಕಡೆಗಳಲ್ಲಿ ಎದ್ದುನಿಂತ ಡೇಟಾ ಸೆಂಟರುಗಳಿಗೆ ಎಷ್ಟೋ ಸಂಸ್ಥೆಗಳ ಲೆಕ್ಕ ಹೊರಟುಹೋಯಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಹುಟ್ಟೂರಿನ ಬ್ಯಾಂಕಿನ ನಾಮಫಲಕ ಇಳಿದದ್ದು ಎಲ್ಲರ ಕಣ್ಣಿಗೆ ಬಿತ್ತು. ಅದರ ಹಿಂದೆ ಅಷ್ಟೂ ಖಾತೆಗಳ ಮಾಹಿತಿ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸ್ಥಳಾಂತರವಾದದ್ದು ಮಾತ್ರ ಯಾರಿಗೂ ಕಾಣಲಿಲ್ಲ.

ಡೇಟಾ ಸೆಂಟರಿನೊಳಗೆ ಆ ಮಾಹಿತಿ ಕುಳಿತದ್ದು ಸ್ಟೋರೇಜ್ ಏರಿಯಾ ನೆಟ್‌ವರ್ಕ್, ಬಾಯಿಮಾತಿನಲ್ಲಿ 'ಸ್ಯಾನ್' ಎನ್ನುವ ವ್ಯವಸ್ಥೆಯಲ್ಲಿ. ಒಂದು ದೊಡ್ಡ ಕ್ಯಾಬಿನೆಟ್ಟು, ಅದರ ತುಂಬ ಡಿಸ್ಕುಗಳು. ಅವುಗಳನ್ನು ಆಳುವುದಕ್ಕೆ ಎರಡು ಕಂಟ್ರೋಲರುಗಳು, ಒಂದು ಕೈಕೊಟ್ಟರೆ ಇನ್ನೊಂದು ಇರಲೆಂದು. ಲೆಕ್ಕ ಮಾಡುವ ಸರ್ವರ್‌ಗಳು ಬೇರೆ, ಲೆಕ್ಕ ಇಡುವ ಕ್ಯಾಬಿನೆಟ್ಟು ಬೇರೆ. ಇವೆರಡರ ನಡುವೆ ಫೈಬರ್ ಚಾನೆಲ್ ಎಂಬ ಖಾಸಗಿ ರಸ್ತೆ. ಆ ರಸ್ತೆಯಲ್ಲಿ ಬೇರೆ ಯಾವ ವಾಹನಕ್ಕೂ ಪ್ರವೇಶವಿಲ್ಲ. ಹತ್ತಾರು ಅಗ್ಗದ ಡಿಸ್ಕುಗಳನ್ನು ಜೋಡಿಸಿ ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವ 'ರೇಡ್' ವಿಧಾನಕ್ಕೆ ಆ ಹೆಸರು ಬಂದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಮಂಡಿಸಿದ ಪ್ರಬಂಧದಿಂದ. 1990ರಲ್ಲಿ ಇಎಂಸಿ ಕಂಪನಿಯ ಸಿಮೆಟ್ರಿಕ್ಸ್ ಬಂತು. ಮುಂದಿನ ಇಪ್ಪತ್ತು ವರ್ಷ ಬ್ಯಾಂಕು, ಟೆಲಿಫೋನ್, ವಿಮಾನ ಕಂಪನಿಗಳಲ್ಲಿ ಇಂಥ ಕ್ಯಾಬಿನೆಟ್ಟುಗಳದ್ದೇ ಕಾರುಬಾರು.

ಈ ವ್ಯವಸ್ಥೆಯನ್ನು ಹೀಗಳೆಯುವುದು ಸರಿಯಲ್ಲ. ಒಳ್ಳೆಯ ಸ್ಯಾನ್ ಒಂದು ಒಳ್ಳೆಯ ಗೋದ್ರೇಜ್ ತಿಜೋರಿಯಂತೆ, ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಆದರೆ ಖರೀದಿಸುವ ದಿನವೇ ಮುಂದಿನ ಐದು ವರ್ಷಕ್ಕೆ ಎಷ್ಟು ಜಾಗ ಬೇಕೆಂದು ಅಂದಾಜು ಮಾಡಬೇಕು. ಕಡಿಮೆಯಾದರೆ ತೊಂದರೆ, ಹೆಚ್ಚಾದರೆ ಹಣ ದಂಡ. ಡಿಸ್ಕು ಸೇರಿಸಬಹುದು, ಆದರೆ ಎರಡೇ ಕಂಟ್ರೋಲರುಗಳು ಎಷ್ಟೆಂದು ಹೊತ್ತಾವು? ವಾರಂಟಿ ಮುಗಿದ ಮೇಲೆ ಎಎಂಸಿ ಏರುತ್ತ ಹೋಗುತ್ತದೆ, ಬಿಡಿಭಾಗವನ್ನು ಅದೇ ಕಂಪನಿಯಿಂದ ತರಬೇಕು. ಕೊನೆಗೊಂದು ದಿನ ಇಡೀ ಕ್ಯಾಬಿನೆಟ್ಟನ್ನೇ ಬದಲಿಸಿ ಮಾಹಿತಿಯನ್ನೆಲ್ಲ ಹೊಸದಕ್ಕೆ ಸಾಗಿಸಬೇಕು. ಶನಿವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ ಕಣ್ಣು ಮುಚ್ಚದೆ ಆ ಕೆಲಸ ಮಾಡಿದವರು ಈ ಪುಟದ ಓದುಗರ ಮನೆಗಳಲ್ಲೇ ಇದ್ದಾರು.

ಕೆಡುವುದೇ ಸಹಜ ಎಂದು ಹೊರಟವರು

ಬದಲಾವಣೆಯ ಬೀಜ ಬಿದ್ದದ್ದು ಬ್ಯಾಂಕಿನಲ್ಲಲ್ಲ, ಗೂಗಲ್‌ನಲ್ಲಿ. ಅಲ್ಲಿನ ಸಂಜಯ್ ಘೇಮಾವತ್ ಮತ್ತು ಇಬ್ಬರು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಗೂಗಲ್ ಫೈಲ್ ಸಿಸ್ಟಮ್ ಕುರಿತ ಪ್ರಬಂಧ ಒಂದು ವಿಚಾರವನ್ನು ನೇರವಾಗಿ ಒಪ್ಪಿಕೊಂಡಿತು. ಸಾವಿರಾರು ಅಗ್ಗದ ಯಂತ್ರಗಳಿದ್ದಲ್ಲಿ ಏನಾದರೊಂದು ಕೆಡುತ್ತಲೇ ಇರುತ್ತದೆ, ಅದನ್ನು ಅಪರೂಪದ ಅವಘಡವೆಂದು ತಿಳಿಯದೆ ದಿನನಿತ್ಯದ ಸಂಗತಿಯೆಂದೇ ಹಿಡಿದು ವ್ಯವಸ್ಥೆ ಕಟ್ಟಬೇಕು ಎಂಬುದೇ ಆ ವಿಚಾರ. ಮಾಹಿತಿಯ ಪ್ರತಿಯೊಂದು ತುಂಡಿಗೂ ಸಾಮಾನ್ಯವಾಗಿ ಮೂರು ಪ್ರತಿ, ಮೂರು ಬೇರೆ ಬೇರೆ ಯಂತ್ರಗಳಲ್ಲಿ. ದುಬಾರಿ ಪೆಟ್ಟಿಗೆಯ ಬದಲು ಬುದ್ಧಿವಂತ ಸಾಫ್ಟ್‌ವೇರ್.

ಆ ಬಳಿಕ ಬಂದ 'ಸೆಫ್' ಎಂಬ ಮುಕ್ತ ತಂತ್ರಾಂಶ ಸಾಂತಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸೇಜ್ ವೈಲ್ ಎಂಬ ವಿದ್ಯಾರ್ಥಿಯ ಸಂಶೋಧನೆಯಾಗಿ ಬೆಳೆಯಿತು. ಪ್ರಬಂಧ 2006ರದ್ದು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ 2013ರಿಂದ ಅದನ್ನು ಬಳಸುತ್ತಿದೆ. 2014ರಲ್ಲಿ ಅದರ ಹಿಂದಿನ ಕಂಪನಿಯನ್ನು ರೆಡ್ ಹ್ಯಾಟ್ 17.5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಇದಕ್ಕೂ ಮೂರು ವರ್ಷ ಮುಂಚೆ, 2011ರಲ್ಲಿ, ಅದೇ ರೆಡ್ ಹ್ಯಾಟ್ 13.6 ಕೋಟಿ ಡಾಲರ್ ಕೊಟ್ಟು ಕೊಂಡ 'ಗ್ಲಸ್ಟರ್' ಎಂಬ ಕಂಪನಿಯ ತಂತ್ರಾಂಶ ಕೆಲಸ ನಡೆಯುತ್ತಿದ್ದದ್ದು ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿ. ರಾಜಧಾನಿಯಲ್ಲಿ ಕುಳಿತ ಹುಡುಗರು ಸಾಧಾರಣ ಸರ್ವರ್‌ಗಳನ್ನು ಒಟ್ಟುಗೂಡಿಸಿ ಒಂದು ದೊಡ್ಡ ಸಂಗ್ರಹ ಮಾಡುವ ವಿದ್ಯೆಯನ್ನು ಜಗತ್ತಿಗೆ ಕೊಟ್ಟರು. ಆದರೆ ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಉತ್ಪನ್ನಕ್ಕೆ ಕೊಡುತ್ತಿದ್ದ ಬೆಂಬಲ 2024ರ ಅಂತ್ಯಕ್ಕೆ ಮುಗಿಯಿತು. ಸಾಫ್ಟ್‌ವೇರಿಗೂ ನಿವೃತ್ತಿಯ ವಯಸ್ಸು ಇರುತ್ತದೆ ಎಂಬುದನ್ನು ಟೆಂಡರ್ ಬರೆಯುವವರು ಮರೆಯಬಾರದು.

ಬ್ಯಾಂಕು, ಆಸ್ಪತ್ರೆಗಳಂಥ ಸಂಸ್ಥೆಗಳಿಗೆ ಈ ವಿಧಾನ ತಲುಪಿದ್ದು ನ್ಯೂಟಾನಿಕ್ಸ್, ವಿಎಂವೇರ್ ಕಂಪನಿಗಳ ಮೂಲಕ. ಕಾನ್ಪುರ ಐಐಟಿಯಲ್ಲಿ ಓದಿದ ಧೀರಜ್ ಪಾಂಡೆ ಮತ್ತು ಇಬ್ಬರು ಸಂಗಡಿಗರು 2009ರಲ್ಲಿ ನ್ಯೂಟಾನಿಕ್ಸ್ ಆರಂಭಿಸಿದರು. ಲೆಕ್ಕ ಮಾಡುವುದೂ ಲೆಕ್ಕ ಇಡುವುದೂ ಒಂದೇ ಯಂತ್ರದಲ್ಲಿ ಎಂಬುದೇ ಅವರ ಮಾರಾಟದ ಮಾತು. 2014ರ ಮಾರ್ಚ್‌ನಲ್ಲಿ ವಿಎಂವೇರ್ ತನ್ನ 'ವಿಸ್ಯಾನ್' ತಂತ್ರಾಂಶ ಬಿಡುಗಡೆ ಮಾಡಿತು. ಆಗಲೇ ಎಸ್‌ಎಸ್‌ಡಿ ಅಗ್ಗವಾಗುತ್ತಿತ್ತು, ಸಾಮಾನ್ಯ ಈಥರ್ನೆಟ್ ಜಾಲವೂ 10 ಗಿಗಾಬಿಟ್ ವೇಗ ಮುಟ್ಟಿತ್ತು. ಖಾಸಗಿ ರಸ್ತೆ ಬೇಕೇ ಬೇಕು ಎಂಬ ವಾದ ಸಡಿಲವಾಯಿತು.

ಕೋರಂ ಇಲ್ಲದೆ ಠರಾವು ಇಲ್ಲ

ಇನ್ನು ಹಿರಿಯ ನಿರ್ದೇಶಕರ ಪ್ರಶ್ನೆಗೆ ಬರೋಣ. ಹೊಸ ವ್ಯವಸ್ಥೆಯಲ್ಲಿ ಲೆಕ್ಕ ಎಲ್ಲಿರುತ್ತದೆ? ನಾಲ್ವರು ಗುಮಾಸ್ತರಿರುವ ಒಂದು ಶಾಖೆಯನ್ನು ಕಲ್ಪಿಸಿಕೊಳ್ಳಬಹುದು. ಮಧ್ಯದ ಕಪಾಟು ಇಲ್ಲ. ಲೆಡ್ಜರಿನ ಹಾಳೆಗಳನ್ನು ಬಿಡಿಸಿ, ಪ್ರತಿ ಹಾಳೆಯ ಮೂರು ಪ್ರತಿಯನ್ನು ಮೂರು ಬೇರೆ ಬೇರೆ ಮೇಜಿನ ಖಾನೆಯಲ್ಲಿ ಇಟ್ಟಿದ್ದಾರೆ. ಖಾತೆ ಸಂಖ್ಯೆ 4172ರ ಹಾಳೆ ಯಾವ ಮೇಜಿನಲ್ಲಿದೆ ಎಂದು ತಿಳಿಯಲು ಸೆಫ್‌ನಲ್ಲಿ ಸೂಚಿಕಾ ಪುಸ್ತಕವನ್ನೂ ನೋಡಬೇಕಾಗಿಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಲೆಕ್ಕದ ಸೂತ್ರವಿದೆ, ಅದಕ್ಕೆ ಸಂಖ್ಯೆ ಹಾಕಿದರೆ ಮೇಜುಗಳ ಹೆಸರು ಬರುತ್ತದೆ. ಹಾಗಾಗಿ ಯಾವ ಒಬ್ಬ ಗುಮಾಸ್ತನೂ ದಾರಿ ಹೇಳುವ ಒಬ್ಬನೇ ವ್ಯಕ್ತಿಯಾಗಿ ಎಲ್ಲರನ್ನೂ ಕಾಯಿಸುವಂತಿಲ್ಲ. ಒಬ್ಬರು ರಜೆ ಹಾಕಿದರೂ ಕೌಂಟರು ಮುಚ್ಚುವುದಿಲ್ಲ. ಅವರು ಬರುವುದೇ ಇಲ್ಲವೆಂದಾದರೆ ಉಳಿದವರು ತಮ್ಮಲ್ಲಿರುವ ಪ್ರತಿ ನೋಡಿ ಕಡಿಮೆಯಾದ ಹಾಳೆಗಳನ್ನು ಮತ್ತೆ ಬರೆದಿಟ್ಟುಕೊಳ್ಳುತ್ತಾರೆ.

ಈ ಮರುಬರವಣಿಗೆಯಲ್ಲಿ ನಿಜವಾದ ಲಾಭವಿದೆ. ಹಳೆಯ ರೇಡ್ ವ್ಯವಸ್ಥೆಯಲ್ಲಿ 16 ಟೆರಾಬೈಟಿನ ಒಂದು ಡಿಸ್ಕು ಕೆಟ್ಟರೆ ಅದರ ಬದಲಿಗೆ ಇರುವ ಒಂದೇ ಡಿಸ್ಕಿಗೆ ಎಲ್ಲವನ್ನೂ ಬರೆಯಬೇಕು. ಸೆಕೆಂಡಿಗೆ 200 ಮೆಗಾಬೈಟ್ ವೇಗದಲ್ಲಿ ಬಿಡುವಿಲ್ಲದೆ ಬರೆದರೂ 80,000 ಸೆಕೆಂಡು, ಅಂದರೆ 22 ಗಂಟೆಗೂ ಹೆಚ್ಚು. ಆ ಅವಧಿಯಲ್ಲಿ ಇನ್ನೊಂದು ಡಿಸ್ಕು ಕೆಡಬಾರದೆಂದು ದೇವರಿಗೆ ಹರಕೆ ಹೊರಬೇಕು. ಹೊಸ ವಿಧಾನದಲ್ಲಿ ಹಲವು ಡಿಸ್ಕುಗಳು ಆ ಕೆಲಸವನ್ನು ಹಂಚಿಕೊಳ್ಳುವುದರಿಂದ ಸಮಯ ಬಹಳ ಇಳಿಯುತ್ತದೆ. ಇತ್ತೀಚಿನ ಕೆಲವು ಕ್ಯಾಬಿನೆಟ್ಟುಗಳಲ್ಲೂ ಈ ಸೌಲಭ್ಯ ಬಂದಿದೆ ಎಂಬುದನ್ನೂ ಹೇಳಬೇಕು.

ಆದರೆ ಮಾರಾಟಗಾರರು ಹೇಳದೆ ಬಿಡುವ ಲೆಕ್ಕವೊಂದಿದೆ. ತಲಾ 25 ಟೆರಾಬೈಟಿನ ನಾಲ್ಕು ಸರ್ವರ್ ಕೊಂಡರೆ ಕೊಟೇಶನ್‌ನಲ್ಲಿ 100 ಟೆರಾಬೈಟ್ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಮೂರು ಪ್ರತಿ ಇಟ್ಟರೆ ಬಳಕೆಗೆ ಸಿಗುವುದು 33. ಒಂದು ಸರ್ವರ್ ಪೂರ್ತಿ ಕೆಟ್ಟಾಗ ಅದರಲ್ಲಿದ್ದುದನ್ನು ಉಳಿದ ಮೂರರಲ್ಲಿ ಮತ್ತೆ ಬರೆಯಲು ಜಾಗ ಬೇಕಲ್ಲ? ಅದನ್ನು ಖಾಲಿ ಬಿಟ್ಟರೆ ನಿಜವಾಗಿ ತುಂಬಿಸಬಹುದಾದದ್ದು 25 ಟೆರಾಬೈಟ್ ಮಾತ್ರ. ಪ್ರತಿ ಮಾಡುವ ಬದಲು ಗಣಿತದ ಮೂಲಕ ತುಂಡುಗಳನ್ನು ಹಂಚಿ ಜಾಗ ಉಳಿಸುವ ವಿಧಾನವೂ ಇದೆ. ನಾಲ್ಕು ತುಂಡಿಗೆ ಎರಡು ಕಾವಲು ತುಂಡು ಸೇರಿಸಿದರೆ ಮೂರು ಪಟ್ಟು ಬೇಕಾದಲ್ಲಿ ಒಂದೂವರೆ ಪಟ್ಟು ಸಾಕು. ಆದರೆ ತುಂಡೊಂದಕ್ಕೆ ಒಂದರಂತೆ ಆರು ಸರ್ವರ್ ಬೇಕು, ಸಣ್ಣ ಸಣ್ಣ ನಮೂದುಗಳನ್ನು ಪದೇ ಪದೇ ಬರೆಯುವ ಬ್ಯಾಂಕಿನಂಥ ಕೆಲಸಕ್ಕೆ ಅದು ನಿಧಾನ.

ಖರ್ಚು ಉಳಿಸಲು "ಎರಡೇ ಸರ್ವರ್ ಸಾಕಲ್ಲವೇ?" ಎಂದು ಕೇಳುವವರಿದ್ದಾರೆ. ಸಂಘದ ಸಭೆ ನಡೆಸಿದವರಿಗೆ ಇದರ ಉತ್ತರ ತಾನಾಗಿಯೇ ಹೊಳೆಯಬೇಕು. ಇಬ್ಬರ ನಡುವಿನ ಫೋನ್ ಕಡಿದುಹೋದರೆ, ಎದುರಿನವರು ಸತ್ತರೋ ತಂತಿ ಮಾತ್ರ ತುಂಡಾಯಿತೋ ಎಂದು ಇಬ್ಬರಿಗೂ ತಿಳಿಯುವುದಿಲ್ಲ. ಇಬ್ಬರೂ ತಾವೇ ಅಧಿಕಾರಿ ಎಂದುಕೊಂಡು ಒಂದೇ ಖಾತೆಯಲ್ಲಿ ಬೇರೆ ಬೇರೆ ನಮೂದು ಬರೆಯತೊಡಗಿದರೆ ಆಮೇಲೆ ಯಾವ ಆಡಿಟರಿಗೂ ಅದನ್ನು ಸರಿದೂಗಿಸಲಾಗದು. ಆದ್ದರಿಂದ ಬಹುಮತ ಬೇಕು. ಮೂವರಲ್ಲಿ ಇಬ್ಬರಿದ್ದರೆ ಕೋರಂ, ಠರಾವು ಮಂಜೂರು. ಒಬ್ಬನೇ ಉಳಿದರೆ ಅವನು ಬಾಯಿ ಮುಚ್ಚಿ ಕುಳಿತುಕೊಳ್ಳಬೇಕು. ಎರಡೇ ಸರ್ವರ್ ಇಡುವುದಾದರೂ ಮತ ಹಾಕುವುದಕ್ಕಷ್ಟೇ ಮೂರನೆಯ ಒಂದು ಸಣ್ಣ 'ಸಾಕ್ಷಿ' ಯಂತ್ರವನ್ನು ಬೇರೆಡೆ ಇಡಬೇಕಾಗುತ್ತದೆ. ಮೂರು ಪ್ರತಿ ಯಾಕೆ ಬೇಕೆಂಬುದಕ್ಕೂ ವ್ಯವಹಾರದ ಕಾರಣವಿದೆ. ದುರಸ್ತಿಗೆಂದು ಒಂದು ಸರ್ವರನ್ನು ಇಳಿಸಿದ ಹೊತ್ತಿನಲ್ಲೇ ಇನ್ನೊಂದು ಕೆಡಬಹುದು. ಎರಡೇ ಪ್ರತಿ ಇದ್ದರೆ ಆ ದಿನ ಗ್ರಾಹಕನಿಗೆ ಬಾಕಿ ಮೊತ್ತ ಹೇಳಲಾಗುವುದಿಲ್ಲ.

ಡಬ್ಬಾವಾಲನ ಚಿಹ್ನೆಯಂತೆ

ಪ್ರಸ್ತಾವದ ಇನ್ನರ್ಧ ನೆಟ್‌ವರ್ಕಿನದ್ದು. ಇದಕ್ಕೆ ಮುಂಬಯಿಯಲ್ಲಿ ಡಬ್ಬಾವಾಲರಿಗಿಂತ ಒಳ್ಳೆಯ ಉದಾಹರಣೆ ಬೇಡ. ಪಶ್ಚಿಮ ರೈಲ್ವೆಗೆ ಯಾರ ಊಟ ಯಾರಿಗೆ ಎಂಬುದು ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಡಬ್ಬಾದ ಮುಚ್ಚಳದ ಮೇಲೆ ಬರೆದ ಬಣ್ಣ, ಅಕ್ಷರ, ಅಂಕಿಗಳೇ ಎಲ್ಲವನ್ನೂ ಹೇಳುತ್ತವೆ. ರೈಲು ಸಾಗಿಸುತ್ತದೆ ಅಷ್ಟೇ. ಹೊಸ ಗಿರಾಕಿ ಸೇರಿದರೆ ಮುಚ್ಚಳಕ್ಕೆ ಹೊಸ ಚಿಹ್ನೆ ಸಾಕು, ಹಳಿ ಹಾಕಬೇಕಾಗಿಲ್ಲ.

ಹಳೆಯ ಪದ್ಧತಿಯಲ್ಲಿ ಎಟಿಎಂ ವಿಭಾಗಕ್ಕೊಂದು, ಶಾಖೆಗಳಿಗೊಂದು, ಸಿಬ್ಬಂದಿಯ ಇಂಟರ್ನೆಟ್‌ಗೊಂದು ಎಂದು ಪ್ರತ್ಯೇಕ ಜಾಲ ಬೇಕಾದರೆ ಪ್ರತಿ ಸ್ವಿಚ್ಚಿನಲ್ಲೂ ಅದನ್ನು ಕೈಯಾರೆ ಬರೆಯಬೇಕಿತ್ತು. ಅಂಥ ಜಾಲಗಳ ಗುರುತಿಗೆ ಇರುವ ಸಂಖ್ಯೆಗಳೂ 4,094 ಮಾತ್ರ. 2014ರಲ್ಲಿ ಅಧಿಕೃತ ದಾಖಲೆಯಾಗಿ ಪ್ರಕಟವಾದ ವಿಎಕ್ಸ್‌ಲ್ಯಾನ್ ಎಂಬ ವಿಧಾನದಲ್ಲಿ ಒಂದು ಲಕೋಟೆಯನ್ನು ಇನ್ನೊಂದು ಲಕೋಟೆಯೊಳಗೆ ಇಟ್ಟು, ಹೊರಗಿನದಕ್ಕೆ ಸರ್ವರಿನ ವಿಳಾಸ ಬರೆದು ಕಳಿಸುತ್ತಾರೆ. ಒಳಗಿನ ಜಾಲಗಳ ಸಂಖ್ಯೆ ಇಲ್ಲಿ ಸುಮಾರು 1 ಕೋಟಿ 67 ಲಕ್ಷದವರೆಗೆ ಹೋಗಬಹುದು. ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧನೆ ಮಾಡಿದ ಮಾರ್ಟಿನ್ ಕಸಾಡೊ ಮತ್ತಿತರರು 2007ರಲ್ಲಿ ಆರಂಭಿಸಿದ ನಿಸಿರಾ ಎಂಬ ಕಂಪನಿ ಈ ದಾರಿಯ ಮುಂಚೂಣಿಯಲ್ಲಿತ್ತು. ವಿಎಂವೇರ್ 2012ರಲ್ಲಿ ಅದನ್ನು 126 ಕೋಟಿ ಡಾಲರಿಗೆ ಕೊಂಡಾಗಲೇ ಈ ಮಾರುಕಟ್ಟೆಯ ತೂಕ ಹೊರಗಿನವರಿಗೆ ತಿಳಿದದ್ದು.

ಬ್ಯಾಂಕಿಗೆ ಇದರ ದೊಡ್ಡ ಪ್ರಯೋಜನ ಕಾವಲು. ಮೊದಲು ಕಟ್ಟಡದ ಗೇಟಿನಲ್ಲಿ ಒಬ್ಬ ವಾಚ್‌ಮನ್ ಇದ್ದ. ಅವನನ್ನು ದಾಟಿದ ಕಳ್ಳನಿಗೆ ಒಳಗಿನ ಎಲ್ಲ ಫ್ಲ್ಯಾಟುಗಳ ಬಾಗಿಲೂ ತೆರೆದಿತ್ತು. ಸಾಫ್ಟ್‌ವೇರ್ ಜಾಲದಲ್ಲಿ ಪ್ರತಿಯೊಂದು ಸರ್ವರಿನ ಬಾಗಿಲಿಗೂ ಕಾವಲು ಹಾಕಬಹುದು. ಸಿಬ್ಬಂದಿಯೊಬ್ಬರು ತಪ್ಪಿ ತೆರೆದ ಇ-ಮೇಲಿನಿಂದ ಒಳಬಂದ ವೈರಸ್ಸು ಎಟಿಎಂ ವಿಭಾಗದವರೆಗೆ ನಡೆದುಹೋಗುವುದನ್ನು ಇದು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಯಾರು ಯಾರೊಡನೆ ಮಾತಾಡಬಹುದು ಎಂಬ ಪಟ್ಟಿಯನ್ನು ಕುಳಿತು ಮಾಡಿದರೆ ಮಾತ್ರ. ಲೈಸನ್ಸಿಗೆ ಹಣ ಕೊಟ್ಟು, ಪಟ್ಟಿ ಮಾಡಲು ಸಮಯವಿಲ್ಲವೆಂದು ಎಲ್ಲ ಬಾಗಿಲನ್ನೂ ತೆರೆದಿಟ್ಟರೆ ಹಣ ನೀರುಪಾಲು.

ಡಬ್ಬಾವಾಲನಿಗೂ ರೈಲು ನಿಂತರೆ ಕೆಲಸವಿಲ್ಲ. ಈ ಮಾತು ಇಲ್ಲಿ ಇನ್ನಷ್ಟು ಸತ್ಯ, ಯಾಕೆಂದರೆ ಲೆಕ್ಕದ ಮೂರು ಪ್ರತಿಗಳೂ ಇದೇ ರಸ್ತೆಯಲ್ಲಿ ಓಡಾಡುತ್ತವೆ. ಒಂದು ನಮೂದು ಪೂರ್ಣವಾಯಿತೆಂದು ಹೇಳಬೇಕಾದರೆ ಮೂರೂ ಕಡೆಯಿಂದ 'ಬರೆದಾಯಿತು' ಎಂಬ ಉತ್ತರ ಬರಬೇಕು, ವೋಚರ್‌ಗೆ ಮೂವರ ಸಹಿ ಬಿದ್ದ ಹಾಗೆ. ರಸ್ತೆ ನಿಧಾನವಾದರೆ ಕೌಂಟರಿನ ಮುಂದಿನ ಸಾಲು ಬೆಳೆಯುತ್ತದೆ. ಸರ್ವರಿಗೆ ಹಣ ಸುರಿದು, ಅವುಗಳ ನಡುವೆ ಒಂದೇ ಒಂದು ಅಗ್ಗದ ಸ್ವಿಚ್ಚು ಇಟ್ಟರೆ ಇಡೀ ಏರ್ಪಾಡಿನ ಪ್ರಾಣ ಆ ಸ್ವಿಚ್ಚಿನ ಕೈಯಲ್ಲಿ. ಎರಡು ಸ್ವಿಚ್ಚು, ಕನಿಷ್ಠ 10 ಗಿಗಾಬಿಟ್, ಆದರೆ 25 ಎಂದು ಪ್ರಸ್ತಾವದಲ್ಲಿ ಸ್ಪಷ್ಟವಾಗಿ ಕಾಣಬೇಕು.

ಇನ್ನೊಂದು ಸಣ್ಣ ಸಂಗತಿ ಎಷ್ಟೋ ಎಂಜಿನಿಯರುಗಳ ನಿದ್ದೆ ಕೆಡಿಸಿದೆ. ಹೊರಗಿನ ಲಕೋಟೆಯಿಂದಾಗಿ ಪ್ರತಿ ಪೊಟ್ಟಣ 50 ಬೈಟ್ ಹಿಗ್ಗುತ್ತದೆ. ಸ್ವಿಚ್ಚುಗಳು ವಾಡಿಕೆಯಂತೆ 1,500 ಬೈಟಿನ ಅಳತೆಗೆ ಹೊಂದಿಸಿರುತ್ತವೆ. ತುಂಬಿದ ಪೊಟ್ಟಣ 1,550 ಆಗಿ ಬಾಗಿಲಲ್ಲೇ ಸಿಕ್ಕಿಬೀಳುತ್ತದೆ, ಡಬ್ಬಾ ಜೋಡಿಸಿದ ಉದ್ದನೆಯ ಮರದ ತಟ್ಟೆ ಬಾಗಿಲಿಗಿಂತ ಒಂದು ಗೇಣು ಉದ್ದವಾದ ಹಾಗೆ. ಪರೀಕ್ಷೆಗೆಂದು ಕಳಿಸುವ ಸಣ್ಣ ಪೊಟ್ಟಣ ಸಲೀಸಾಗಿ ಹೋಗಿಬರುವುದರಿಂದ ಜಾಲ ಸರಿಯಿದೆ ಎಂದು ಎಲ್ಲರೂ ಪ್ರಮಾಣ ಮಾಡುತ್ತಾರೆ. ದೊಡ್ಡ ಫೈಲು ಮಾತ್ರ ಹೋಗುವುದಿಲ್ಲ.

ಬಾಡಿಗೆದಾರನಾದ ಮಾಲೀಕ

ಪೆಟ್ಟಿಗೆಯ ಕಂಪನಿಯ ಹಂಗು ತಪ್ಪುತ್ತದೆ ಎಂಬುದು ಈ ಬದಲಾವಣೆಯ ಪರವಾಗಿ ಹೇಳುವ ಮುಖ್ಯ ಮಾತು. ಆ ಹಂಗು ಇನ್ನೊಬ್ಬರ ಮನೆಗೆ ಹೋಗಿ ಕುಳಿತದ್ದನ್ನು ಜಗತ್ತು ಕಂಡಿತು. 2022ರಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಸುಮಾರು 6,100 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿ, 2023ರ ನವೆಂಬರ್ 22ರಂದು ಖರೀದಿ ಮುಗಿಸಿತು. ಮುಂದಿನ ತಿಂಗಳೇ ಶಾಶ್ವತ ಲೈಸನ್ಸ್ ಮಾರಾಟ ನಿಂತಿತು. ಅಲ್ಲಿಂದ ಮುಂದೆ ವರ್ಷ ವರ್ಷದ ಚಂದಾ ಪದ್ಧತಿ. ಬೇಕಾದ ಒಂದನ್ನು ಮಾತ್ರ ಕೊಳ್ಳುವ ಅವಕಾಶ ಕಡಿಮೆಯಾಗಿ ಹಲವನ್ನು ಕಟ್ಟುಕಟ್ಟಿ ಮಾರಲಾಯಿತು. ಬೆಲೆ ಹಲವು ಪಟ್ಟು ಏರಿತೆಂದು ಅನೇಕ ದೇಶಗಳ ಗ್ರಾಹಕರು ದೂರಿದರು.

ಲೆಕ್ಕ ಹಾಕುವ ರೀತಿಯನ್ನೂ ಗಮನಿಸಬೇಕು. ಚಂದಾ ಪ್ರೊಸೆಸರಿನ ಒಳಗಿನ ಕೋರ್‌ಗಳ ಸಂಖ್ಯೆಯ ಮೇಲೆ, ಪ್ರತಿ ಪ್ರೊಸೆಸರಿಗೆ ಕನಿಷ್ಠ 16 ಕೋರ್ ಎಂದು. 12 ಕೋರಿನ ಎರಡು ಪ್ರೊಸೆಸರ್ ಇರುವ ನಾಲ್ಕು ಸರ್ವರಿನಲ್ಲಿ ನಿಜವಾಗಿ ಇರುವುದು 96 ಕೋರ್. ಬಿಲ್ಲು ಬರುವುದು 128ಕ್ಕೆ. ಸ್ಯಾನ್ ಕ್ಯಾಬಿನೆಟ್ಟು ವಾರಂಟಿ ಮುಗಿದ ಮೇಲೂ ಒಂದೆರಡು ವರ್ಷ ತಳ್ಳಿಕೊಂಡು ಹೋಗುವಂಥದ್ದು. ಚಂದಾ ಮುಗಿದ ಸಾಫ್ಟ್‌ವೇರಿನ ಕಥೆ ಹಾಗಲ್ಲ. ಸ್ವಂತ ಖೋಲಿಯಲ್ಲಿದ್ದವರು ಭಾಡೆಯ ಮನೆಗೆ ಹೋದಂತೆ.

ಹಾಗಾದರೆ ಸೆಫ್‌ನಂಥ ಮುಕ್ತ ತಂತ್ರಾಂಶವೇ ಸರಿಯಲ್ಲವೇ ಎಂದರೆ, ಲೈಸನ್ಸಿನ ಖರ್ಚಿಲ್ಲ ಎಂಬುದು ನಿಜ. ಆದರೆ ಅದನ್ನು ಬಲ್ಲ ಕನಿಷ್ಠ ಇಬ್ಬರು ಸಂಬಳದ ಪಟ್ಟಿಯಲ್ಲಿ ಇರಬೇಕು. ಒಬ್ಬರೇ ಸಾಲದು, ಅವರು ಬೆಂಗಳೂರಿನ ಕಂಪನಿಗೆ ರಾಜೀನಾಮೆ ಬರೆದು ಹೊರಟ ದಿನ ಆಡಳಿತ ಮಂಡಳಿ ತುರ್ತು ಸಭೆ ಕರೆಯಬೇಕಾಗುತ್ತದೆ. ಇಷ್ಟರ ನಡುವೆ ಒಂದು ತಮಾಷೆ. ಹೊರಗಿನ ಪೆಟ್ಟಿಗೆಯೇ ಬೇಡ ಎಂದು ಹೊರಟಿದ್ದ ನ್ಯೂಟಾನಿಕ್ಸ್ 2024ರಲ್ಲಿ ಡೆಲ್ ಕಂಪನಿಯ ಪ್ರತ್ಯೇಕ ಸಂಗ್ರಹಕ್ಕೂ ತನ್ನ ಸಾಫ್ಟ್‌ವೇರಿನಲ್ಲಿ ಜಾಗ ಕೊಡುವುದಾಗಿ ಪ್ರಕಟಿಸಿತು. ಗಿರಾಕಿಗಳ ಮನೆಯಲ್ಲಿ ಚೆನ್ನಾಗಿಯೇ ಇರುವ ಪೆಟ್ಟಿಗೆಗಳನ್ನು ಎಸೆಯಿರಿ ಎಂದರೆ ಯಾರು ಕೇಳುತ್ತಾರೆ? ಹತ್ತು ಶಾಖೆಯ ಬ್ಯಾಂಕಿನ ಸ್ಯಾನ್ ಸರಿಯಾಗಿ ಓಡುತ್ತಿದ್ದು, ಎಎಂಸಿ ಕೈಗೆಟಕುವಂತಿದ್ದರೆ ಅವಸರದಿಂದ ಬದಲಿಸಲು ಕಾರಣವಿಲ್ಲ. ಶಾಖೆ ವರ್ಷವರ್ಷ ಹೆಚ್ಚುತ್ತಿದ್ದು, ಕ್ಯಾಬಿನೆಟ್ಟಿನ ಆಯುಷ್ಯ ಮುಗಿಯುತ್ತ ಬಂದಿದ್ದು, ಕಲಿಯಬಲ್ಲ ಹುಡುಗರು ಕೈಯಲ್ಲಿದ್ದರೆ ಹೊಸತು ನಿಜಕ್ಕೂ ಲಾಭದಾಯಕ. ಬೇಕಾದಾಗ ಒಂದೊಂದೇ ಸರ್ವರ್ ಸೇರಿಸುತ್ತ ಹೋಗಬಹುದು.

ಮೂರು ಪ್ರತಿ ಇದೆ, ಆದರೆ ಬ್ಯಾಕಪ್ ಇಲ್ಲ

ಆಡಳಿತ ಮಂಡಳಿಗಳು ಅತ್ಯಂತ ಹೆಚ್ಚು ಎಡವುವ ಜಾಗ ಇದು. "ಮೂರು ಪ್ರತಿ ಇದೆಯಲ್ಲ, ಇನ್ನು ಬ್ಯಾಕಪ್ಪಿಗೆ ಬೇರೆ ಖರ್ಚು ಯಾಕೆ?" ತಪ್ಪು ನಮೂದು ಬರೆದರೆ ಅದು ಕ್ಷಣದಲ್ಲಿ ಮೂರೂ ಪ್ರತಿಯಲ್ಲಿ ತಪ್ಪಾಗುತ್ತದೆ. ಯಾರಾದರೂ ಅಳಿಸಿದರೆ ಮೂರೂ ಕಡೆ ಅಳಿಯುತ್ತದೆ. ರಾನ್ಸಮ್‌ವೇರ್ ಬೀಗ ಹಾಕಿದರೆ ಮೂರಕ್ಕೂ ಬೀಗ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಂಸ್ಥೆಯೊಂದರ ಮೇಲೆ ರಾನ್ಸಮ್‌ವೇರ್ ದಾಳಿಯಾದಾಗ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ತಾತ್ಕಾಲಿಕವಾಗಿ ನಿಂತುಹೋಗಿತ್ತು.

ದಕ್ಷಿಣ ಕೊರಿಯಾದ ಘಟನೆ ಇನ್ನೂ ಹತ್ತಿರದ್ದು. ಅಲ್ಲಿನ ಡೇಜಾನ್ ನಗರದ ಸರಕಾರಿ ಡೇಟಾ ಸೆಂಟರಿನಲ್ಲಿ 2025ರ ಸೆಪ್ಟೆಂಬರ್ 26ರಂದು ಬ್ಯಾಟರಿಗಳನ್ನು ಸ್ಥಳಾಂತರಿಸುವಾಗ ಬೆಂಕಿ ಹತ್ತಿತು. ನೂರಾರು ಸರಕಾರಿ ಸೇವೆಗಳು ನಿಂತವು. ಬಹುತೇಕ ಸೇವೆಗಳನ್ನು ಕ್ರಮೇಣ ಮತ್ತೆ ಎಬ್ಬಿಸಲಾಯಿತು. ಆದರೆ ಸರಕಾರಿ ನೌಕರರು ತಮ್ಮ ಕೆಲಸದ ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹದ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಗಾತ್ರ ಬಹಳ ದೊಡ್ಡದು ಎಂಬ ಕಾರಣಕ್ಕೆ ಅದರ ಪ್ರತಿಯನ್ನು ಹೊರಗೆಲ್ಲೂ ಇಟ್ಟಿರಲಿಲ್ಲ. ಕಂಪ್ಯೂಟರಿನಲ್ಲಿ ಜಗತ್ತಿಗೇ ಮುಂದಿರುವ ದೇಶವದು.

ಮುಂಬಯಿಗರಿಗೆ 2005ರ ಜುಲೈ 26ನ್ನು ನೆನಪಿಸಬೇಕಾಗಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಿತ್ತು. ನೆಲಮಾಳಿಗೆಯಲ್ಲಿ, ತಳ ಅಂತಸ್ತಿನಲ್ಲಿ ಕಚೇರಿ ಇಟ್ಟವರ ಕಡತಗಳು ನೀರಿನಲ್ಲಿ ತೇಲಿದವು. ನಾಲ್ಕು ಸರ್ವರ್ ಒಂದೇ ಕೋಣೆಯಲ್ಲಿದ್ದರೆ ಮೂರು ಪ್ರತಿಯೂ ಒಂದೇ ನೀರಿನಲ್ಲಿ. ಆದ್ದರಿಂದ ಬೇರೆ ಊರಿನಲ್ಲಿ ಒಂದು ಪ್ರತಿ, ಜಾಲಕ್ಕೆ ಸಿಗದಂತೆ ಬೀಗ ಹಾಕಿದ ಇನ್ನೊಂದು ಪ್ರತಿ ಇರಲೇಬೇಕು. ಅಷ್ಟೇ ಮುಖ್ಯವಾಗಿ, ಆ ಪ್ರತಿಯಿಂದ ಲೆಕ್ಕವನ್ನು ನಿಜವಾಗಿ ಎಬ್ಬಿಸಿ ನೋಡಿದ ತಾರೀಕು ಯಾವುದು ಎಂದು ಪ್ರತಿ ಸಭೆಯಲ್ಲಿ ಕೇಳಬೇಕು. ಉತ್ತರಕ್ಕೆ ತಡವರಿಸಿದರೆ ಚಹಾ ಖರ್ಚಿನ ಚರ್ಚೆಯನ್ನು ಅಲ್ಲಿಗೇ ಬಿಟ್ಟು ಇದನ್ನು ಹಿಡಿದುಕೊಳ್ಳುವುದು ಒಳಿತು.

ಹುಡುಗರ ಕೆಲಸ, ಹಳೆಯ ಡಿಸ್ಕು

ಊರಿನಿಂದ ಬಂದು ಡೇಟಾ ಸೆಂಟರುಗಳಲ್ಲಿ ರಾತ್ರಿ ಪಾಳಿ ಮಾಡುವ ತರುಣರಿಗೂ ಇದು ಸಂಬಂಧಿಸಿದ ವಿಷಯ. ಹತ್ತು-ಹದಿನೈದು ವರ್ಷ ಸ್ಯಾನ್ ನೋಡಿಕೊಂಡು ಬಂದವರಿಗೆ ಫೈಬರ್ ಸ್ವಿಚ್ಚಿನ ವಿದ್ಯೆ ಕರತಲಾಮಲಕ. ಆದರೆ ಸ್ಟೋರೇಜ್ ವಿಭಾಗ, ಸರ್ವರ್ ವಿಭಾಗ, ನೆಟ್‌ವರ್ಕ್ ವಿಭಾಗ ಎಂಬ ಮೂರು ಕೋಣೆಗಳ ಗೋಡೆಯನ್ನು ಹೊಸ ಪದ್ಧತಿ ಕೆಡವುತ್ತಿದೆ. ಲಿನಕ್ಸ್, ನೆಟ್‌ವರ್ಕಿನ ಮೂಲಪಾಠ, ಸ್ವಲ್ಪ ಪ್ರೋಗ್ರಾಮ್ ಬರೆಯುವ ಅಭ್ಯಾಸ ಬೇಕಾಗುತ್ತದೆ. ಲೆಡ್ಜರ್ ಬಿಟ್ಟು ಕಂಪ್ಯೂಟರಿಗೆ ಬಂದ ತಂದೆಯ ಪಾಡೇ ಈಗ ಮಗನದ್ದು. ಒಂದು ವ್ಯತ್ಯಾಸವೆಂದರೆ, ಆಗ ಯೂನಿಯನ್ ಮತ್ತು ಬ್ಯಾಂಕಿನ ತರಬೇತಿ ಕೇಂದ್ರ ಜೊತೆಗಿದ್ದವು. ಈಗಿನ ಗುತ್ತಿಗೆ ನೌಕರ ಸ್ವಂತ ಖರ್ಚಿನಲ್ಲಿ ಕಲಿಯಬೇಕು. ಟೆಂಡರಿನಲ್ಲಿ ಸಿಬ್ಬಂದಿ ತರಬೇತಿಗೆ ಒಂದು ಸಾಲು ಸೇರಿಸುವ ಅಧಿಕಾರ ಆಡಳಿತ ಮಂಡಳಿಗಿದೆ. ಯಂತ್ರಕ್ಕೆ ಕೋಟಿ ಕೊಡುವವರು ಅದನ್ನು ನಡೆಸುವವನಿಗೆ ಕೆಲವು ಸಾವಿರ ಕೊಡಲು ಹಿಂದೆಮುಂದೆ ನೋಡುವುದು ವಿಚಿತ್ರ.

ಕೊನೆಗೆ ಹೊರಗೆ ಹೋಗುವ ಕ್ಯಾಬಿನೆಟ್ಟಿನ ವಿಚಾರ. ಅದರೊಳಗಿನ ನೂರಾರು ಡಿಸ್ಕುಗಳಲ್ಲಿ ಸದಸ್ಯರ ಹೆಸರು, ಪಾನ್ ಸಂಖ್ಯೆ, ಠೇವಣಿಯ ವಿವರ ಹಾಗೆಯೇ ಕುಳಿತಿರುತ್ತವೆ. ಹಳೆಯದನ್ನು ಕೊಂಡುಹೋದರೆ ಹೊಸದರಲ್ಲಿ ಇಷ್ಟು ರಿಯಾಯಿತಿ ಎಂದು ಮಾರಾಟಗಾರ ಹೇಳಿದಾಗ ಆ ಡಿಸ್ಕುಗಳು ಸೇರುವುದು ಎಲ್ಲಿಗೆ, ಲ್ಯಾಮಿಂಗ್ಟನ್ ರೋಡಿಗೋ ಕುರ್ಲಾದ ಗುಜರಿಗೋ ಎಂದು ಕೇಳುವವರಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ದೊಡ್ಡ ಬಳಕೆದಾರರು ಇಂಥದ್ದನ್ನು ನೋಂದಾಯಿತ ಸಂಸ್ಥೆಗಳಿಗೇ ಒಪ್ಪಿಸಬೇಕು. ಒಪ್ಪಿಸುವ ಮೊದಲು ಮಾಹಿತಿ ನಾಶವಾಗಬೇಕು. ತಟ್ಟೆಯಂತೆ ತಿರುಗುವ ಹಳೆಯ ಡಿಸ್ಕಿಗೆ ಡ್ರಿಲ್ಲಿನಿಂದ ತೂತು ಕೊರೆಯುವ ವಾಡಿಕೆಯಿದೆ. ಎಸ್‌ಎಸ್‌ಡಿಯಲ್ಲಿ ಚಿಪ್ಪುಗಳು ಹಲವು ಇರುವುದರಿಂದ ಒಂದು ತೂತು ಸಾಲದು, ಪುಡಿ ಮಾಡುವ ಯಂತ್ರಕ್ಕೇ ಹಾಕಬೇಕು. ಕೆಲಸ ಮುಗಿದ ಮೇಲೆ ಪ್ರತಿ ಡಿಸ್ಕಿನ ಕ್ರಮಸಂಖ್ಯೆಯ ಪಟ್ಟಿ ಮಾಡಿ, ಸ್ಟ್ರಾಂಗ್ ರೂಮಿನ ಕೀಲಿಯಂತೆ, ಅದಕ್ಕೂ ಇಬ್ಬರ ಸಹಿ ತೆಗೆದುಕೊಳ್ಳಬೇಕು.